ಸರ್ಟಿಫಿಕೇಟ್ ಇದೆ, ಖಾಲಿ ಪರದೆ ಕಂಡರೆ ಅಳು: ಕೋಡಿಂಗ್ ಮುಂದುವರಿಸಬೇಕೇ?

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ, ಕನ್ನಡ ಮಾಧ್ಯಮದಲ್ಲಿ ಆರನೇ ತರಗತಿ. ಕಳೆದ ವರ್ಷ ಆನ್‌ಲೈನ್ ಕೋಡಿಂಗ್ ಕ್ಲಾಸಿಗೆ ಸೇರಿಸಿ 48 ಕ್ಲಾಸಿಗೆ 26 ಸಾವಿರ ಕಟ್ಟಿದೆವು. ಸ್ಕ್ರ್ಯಾಚ್‌ನಲ್ಲಿ (ಬಣ್ಣದ ಬ್ಲಾಕ್ ಎಳೆದು ಜೋಡಿಸಿ ಪ್ರೋಗ್ರಾಮ್ ಮಾಡುವ ಮಕ್ಕಳ ತಂತ್ರಾಂಶ) ಹದಿನೈದು ಗೇಮ್ ಮಾಡಿದ್ದಾಳೆ, ಸರ್ಟಿಫಿಕೇಟೂ ಬಂದಿದೆ. ಆದರೆ ಯುಗಾದಿಗೆ ಬಂದಿದ್ದ ಅವಳ ಸೋದರಮಾವ (ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ) "ಏನಾದ್ರೂ ಒಂದು ಸಣ್ಣ ಗೇಮ್ ಮಾಡಿ ತೋರಿಸು ಪುಟ್ಟಿ" ಅಂದಾಗ ಖಾಲಿ ಪರದೆ ಮುಂದೆ ಕಾಲು ಗಂಟೆ ಕೂತು ಅತ್ತುಬಿಟ್ಟಳು. ಈಗ ಕ್ಲಾಸಿನವರು ಮುಂದಿನ ಹಂತ ಪೈಥಾನ್ (ಟೈಪ್ ಮಾಡಿ ಬರೆಯುವ ಪ್ರೋಗ್ರಾಮಿಂಗ್ ಭಾಷೆ), 45 ಸಾವಿರ, ಇಎಂಐ ಇದೆ, ಬೇಗ ಸೇರಿಸಿ ಅಂತ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದಾರೆ. ಅವಳ ಇಂಗ್ಲಿಷ್ ಅಷ್ಟಕ್ಕಷ್ಟೆ, ಲೆಕ್ಕದಲ್ಲಿ ಸಾಧಾರಣ. ನಮ್ಮಿಬ್ಬರಿಗೂ ಕಂಪ್ಯೂಟರ್ ತಿಳಿಯದು. ಮನೆಯಲ್ಲಿ ಮಾವ ಕೊಟ್ಟ ಹಳೆ ಲ್ಯಾಪ್‌ಟಾಪ್ ಇದೆ. ಎಐ ಬಂದಮೇಲೆ ಇದನ್ನೆಲ್ಲ ಕಲಿಯೋದೇ ದಂಡ ಅಂತ ಕೆಲವರು ಹೇಳುತ್ತಾರೆ. ಏನು ಮಾಡಲಿ?
– ಹಿರಿಯೂರಿನ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಬೆರೆತಿವೆ. ಕೊಟ್ಟ ದುಡ್ಡು ಹಾಳಾಯಿತೇ ಎನ್ನುವುದು ಒಂದು. ಮಗಳಿಗೆ ಇದು ತಲೆಗೆ ಹತ್ತುವುದೇ ಇಲ್ಲವೇ ಎನ್ನುವುದು ಇನ್ನೊಂದು. ಎರಡನೆಯದನ್ನು ಈಗಲೇ ಬಿಟ್ಟುಬಿಡಿ. ಹದಿನೈದು ಗೇಮ್ ಮಾಡಿದ ಮಗು ಖಾಲಿ ಪರದೆ ಮುಂದೆ ತಡವರಿಸುವುದು ನಾವು ದಿನಾ ನೋಡುವ ಸಂಗತಿ. ಹದಿನೈದು ದೇವರನಾಮ ಬಾಯಿಪಾಠ ಬರುವ ಹುಡುಗಿಗೆ "ಒಂದು ಹೊಸ ಪದ ಕಟ್ಟಿ ಹಾಡು" ಅಂದರೆ ಆಗುವುದೂ ಇದೇ. ಸೋದರಮಾವನ ಪ್ರಶ್ನೆಯಲ್ಲಿ ಪ್ರೀತಿಯಿತ್ತು, ನಿಜ. ಆದರೆ ಅವರು ಕೇಳಿದ್ದು ಕಲಿಕೆಯ ಕಟ್ಟಕಡೆಯ ಮೆಟ್ಟಿಲನ್ನು.

ಇದು ಯಾಕೆ ಹೀಗಾಗುತ್ತದೆ ಎಂದರೆ, ಇಂಥ ಕ್ಲಾಸುಗಳು ಬಹುಪಾಲು ನಡೆಯುವ ರೀತಿಯೇ ಹಾಗಿದೆ. ಐವತ್ತು ನಿಮಿಷದ ಕೊನೆಗೆ ಪರದೆ ಮೇಲೆ ಏನಾದರೂ ಓಡಾಡಲೇಬೇಕು, ಇಲ್ಲದಿದ್ದರೆ ಅಪ್ಪ ಅಮ್ಮನಿಗೆ ಸಮಾಧಾನವಿಲ್ಲ. ಹಾಗಾಗಿ ಟೀಚರ್ ಸ್ಕ್ರೀನ್ ಶೇರ್ ಮಾಡಿ "ಈಗ ಆ ಕಿತ್ತಳೆ ಬ್ಲಾಕ್ ಎಳೆದು ಇಲ್ಲಿ ಸೇರಿಸು" ಅನ್ನುತ್ತಾರೆ, ಮಗು ಸೇರಿಸುತ್ತದೆ. ತಪ್ಪಾದರೆ ಅವರೇ ಸರಿಮಾಡಿಸುತ್ತಾರೆ, ಯಾಕೆಂದರೆ ಹೊತ್ತಿಲ್ಲ. ಯಾವ ಬ್ಲಾಕ್ ಬೇಕು, ಯಾವುದಾದ ಮೇಲೆ ಯಾವುದು, ಕೆಟ್ಟಾಗ ಎಲ್ಲಿ ಹುಡುಕಬೇಕು ಎಂಬ ಮೂರೂ ತೀರ್ಮಾನ ಟೀಚರದ್ದು. ಮಗುವಿನ ಪಾಲಿಗೆ ಉಳಿಯುವುದು ಮೌಸ್ ಎಳೆಯುವ ಕೆಲಸ. ಪ್ರೋಗ್ರಾಮಿಂಗ್ ಎಂದರೆ ಆ ಮೂರು ತೀರ್ಮಾನಗಳೇ.

ಆದರೂ ದುಡ್ಡು ಪೂರ್ತಿ ಹಾಳಾಗಿಲ್ಲ. ಆ ಹದಿನೈದು ಗೇಮ್‌ಗಳು ಅವಳ ಬಳಿ ಇವೆಯಲ್ಲ, ಅವೇ ಮುಂದಿನ ಮೂರು ತಿಂಗಳ ಪಠ್ಯಪುಸ್ತಕ. ಹೊಸದು ಮಾಡು ಅನ್ನಬೇಡಿ. ಹಳೆಯದೊಂದನ್ನು ತೆರೆಸಿ.

ಬುಟ್ಟಿಯಲ್ಲಿ ಸೇಬು ಹಿಡಿಯುವ ಆಟವನ್ನು ಹೆಚ್ಚುಕಮ್ಮಿ ಎಲ್ಲ ಕ್ಲಾಸಿನವರೂ ಮಾಡಿಸುತ್ತಾರೆ. ಅದನ್ನೇ ತೆಗೆದುಕೊಳ್ಳೋಣ. ಸ್ಕ್ರ್ಯಾಚ್‌ನ ಆಟದ ಅಂಗಳ 480 ಅಗಲ, 360 ಎತ್ತರ. ನಟ್ಟನಡುವೆ ಸೊನ್ನೆ, ಮೇಲಂಚು 180, ಕೆಳಗಂಚು ಮೈನಸ್ 180. ಸೇಬು ಪ್ರತಿ ಸಲ 5 ಹೆಜ್ಜೆ ಕೆಳಗಿಳಿಯುತ್ತದೆ ಅಂದರೆ ಬ್ಲಾಕ್‌ನಲ್ಲಿ ಮೈನಸ್ 5 ಎಂದಿರುತ್ತದೆ. ನೀವು ಪಕ್ಕದಲ್ಲಿ ಕೂತು ಒಂದೇ ಪ್ರಶ್ನೆ ಕೇಳಿ: "ಇಲ್ಲಿ ಮೈನಸ್ 10 ಅಂತ ಹಾಕಿದರೆ ಏನಾಗತ್ತೆ? ಒತ್ತಬೇಡ, ಮೊದಲು ಹೇಳು." ಅವಳು ಹೇಳಲಿ, ಆಮೇಲೆ ಹಸಿರು ಬಾವುಟ ಒತ್ತಲಿ. ಸುಮಾರು ಎರಡೂವರೆ ಸೆಕೆಂಡಿನಲ್ಲಿ ಬೀಳುತ್ತಿದ್ದ ಸೇಬು ಅದರ ಅರ್ಧ ಹೊತ್ತಿನಲ್ಲಿ ನೆಲ ಕಾಣುತ್ತದೆ. ಮೈನಸ್ ತೆಗೆದು ಬರೀ 5 ಹಾಕಿದರೆ? ಸೇಬು ಮೇಲಂಚಿಗೆ ಅಂಟಿಕೊಂಡು ಬೀಳುವುದೇ ಇಲ್ಲ. ಇದನ್ನು ಅವಳು ಒತ್ತುವ ಮೊದಲೇ ಹೇಳಿದ ದಿನ ಏನೋ ಒಳಗೆ ಇಳಿದಿದೆ ಎಂದು ತಿಳಿಯಿರಿ. ಇಂಗ್ಲೆಂಡಿನ ಕಂಪ್ಯೂಟರ್ ಶಿಕ್ಷಕರಲ್ಲಿ ಇದೇ ಕ್ರಮಕ್ಕೆ ಪ್ರಿಮ್ ಎಂಬ ಹೆಸರಿದೆ: ಊಹಿಸು, ಓಡಿಸು, ಬಿಡಿಸಿ ನೋಡು, ಬದಲಾಯಿಸು, ಕೊನೆಗೆ ಸ್ವಂತದ್ದು ಮಾಡು. ನಿಮ್ಮ ಮಗಳ ಕ್ಲಾಸಿನಲ್ಲಿ ಊಹಿಸುವ, ಬಿಡಿಸಿ ನೋಡುವ, ಬದಲಾಯಿಸುವ ಮೂರು ಮನೆ ಹಾರಿಹೋಗಿವೆ, ಅಷ್ಟೆ.

ಮುಂದಿನ ವಾರ ಆಟವನ್ನು ಬೇಕಂತಲೇ ಕೆಡಿಸಿ. ಸೇಬು ಬುಟ್ಟಿಗೆ ತಾಗಿದ ಮೇಲೆ ಅದನ್ನು ಮತ್ತೆ ಮೇಲಕ್ಕೆ ಕಳಿಸುವ ಬ್ಲಾಕ್ ಒಂದಿರುತ್ತದೆ, ಅದನ್ನು ಎಳೆದು ಪಕ್ಕಕ್ಕಿಡಿ. ಈಗ ಒಂದು ಸೇಬು ಹಿಡಿದರೆ ಒಂದು ಅಂಕದ ಬದಲು ಹತ್ತೋ ಹದಿನೈದೋ ಬರುತ್ತದೆ. ಯಾಕೆ? "ಫಾರೆವರ್" (ಒಳಗಿದ್ದುದನ್ನು ನಿಲ್ಲದೆ ಮತ್ತೆ ಮತ್ತೆ ಮಾಡಿಸುವ ಬ್ಲಾಕ್) ಒಳಗಿರುವ, ಸೇಬು ಬುಟ್ಟಿಗೆ ತಾಗಿದೆಯೇ ಎಂಬ ಪರೀಕ್ಷೆ ಸೆಕೆಂಡಿಗೆ ಸುಮಾರು 30 ಸಲ ನಡೆಯುತ್ತದೆ. ಸೇಬು ಅರ್ಧ ಸೆಕೆಂಡು ಬುಟ್ಟಿಗೆ ತಾಗಿಕೊಂಡಿದ್ದರೆ ಅಷ್ಟೂ ಸಲ "ತಾಗಿದೆ, ಒಂದು ಸೇರಿಸು" ಎಂದಂತೆ. ಇದನ್ನು ಅವಳೇ ಕಂಡುಹಿಡಿಯಬೇಕು. ಇಪ್ಪತ್ತು ನಿಮಿಷ ಹಿಡಿದರೂ ಹಿಡಿಯಲಿ. ಉತ್ತರ ನಿಮಗೆ ಗೊತ್ತಿದ್ದರೂ ಬಾಯಿ ಬಿಡಬೇಡಿ. ಇದರ ತದ್ವಿರುದ್ಧ ತಪ್ಪೂ ಇದೆ: "ಫಾರೆವರ್" ಇಲ್ಲದೆ ಬರೀ "ಇಫ್" (ಹೀಗಿದ್ದರೆ ಮಾತ್ರ ಮಾಡು ಎನ್ನುವ ಬ್ಲಾಕ್) ಹಾಕಿದರೆ ಬಾವುಟ ಒತ್ತಿದ ಕ್ಷಣ ಒಂದೇ ಒಂದು ಸಲ ನೋಡಿ ಸುಮ್ಮನಾಗುತ್ತದೆ, ಎಷ್ಟು ಸೇಬು ಬಿದ್ದರೂ ಅಂಕ ಸೊನ್ನೆ. ಮೂರನೆಯದು, ಆಟ ಶುರುವಾಗುವಾಗ ಅಂಕವನ್ನು ಸೊನ್ನೆಗೆ ತರುವುದನ್ನು ಮರೆಯುವುದು: ಹೊಸ ಆಟ ಹಿಂದಿನ ಅಂಕದಿಂದಲೇ ಶುರುವಾಗುತ್ತದೆ. ಈ ಮೂರನ್ನು ತಾನೇ ಹುಡುಕಿ ಸರಿಮಾಡುವ ಮಗುವಿಗೆ ಸರ್ಟಿಫಿಕೇಟ್ ಬೇಕಿಲ್ಲ.

ನಿಮಗೆ ಕಂಪ್ಯೂಟರ್ ಬರದಿರುವುದು ಇಲ್ಲಿ ಅನುಕೂಲವೇ. ಗೊತ್ತಿರುವ ಅಪ್ಪಂದಿರು ಎರಡನೇ ನಿಮಿಷಕ್ಕೆ ಮೌಸ್ ಕಿತ್ತುಕೊಳ್ಳುತ್ತಾರೆ.

ಇನ್ನು ನಿಮ್ಮ ಉಳಿದ ಅನುಮಾನಗಳು. ತಡವಾಯಿತೇ? ಇಲ್ಲ. ಅಮೆರಿಕದ ಎಂಐಟಿಯಲ್ಲಿ ತಯಾರಾಗಿ 2007ರಲ್ಲಿ ಹೊರಬಂದ ಸ್ಕ್ರ್ಯಾಚ್ ರೂಪುಗೊಂಡಿದ್ದೇ 8ರಿಂದ 16 ವರ್ಷದವರಿಗೆ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೋಡಿಂಗ್ ಚಟುವಟಿಕೆಯನ್ನು ಇಟ್ಟಿರುವುದೂ ಆರನೇ ತರಗತಿಯಿಂದಾಚೆಗೆ. ಸಿಬಿಎಸ್‌ಇ 2021–22ರಲ್ಲಿ 6ರಿಂದ 8ನೇ ತರಗತಿಗೆ ತಂದ ಐಚ್ಛಿಕ ಕೋಡಿಂಗ್ ಪಾಠದ ಅವಧಿ 12 ಗಂಟೆ. ಆರು ವರ್ಷಕ್ಕೇ ಕಲಿಯದಿದ್ದರೆ ಬಸ್ ತಪ್ಪಿಹೋಯಿತು ಎಂಬ ಗಾಬರಿಗೆ ಲಾಕ್‌ಡೌನ್ ಕಾಲದ ಜಾಹೀರಾತುಗಳ ಪಾಲು ದೊಡ್ಡದು. ಅಂಥ ಕೆಲವನ್ನು ಜಾಹೀರಾತು ಮಾನದಂಡ ಮಂಡಳಿ ಆಗಲೇ ತೆಗೆಸಿತ್ತು.

ಇಂಗ್ಲಿಷ್? ಪೈಥಾನ್‌ನಲ್ಲಿ ಮೀಸಲು ಪದಗಳು (ಭಾಷೆಯೇ ಅರ್ಥ ಗೊತ್ತುಮಾಡಿಟ್ಟ ಇಂಗ್ಲಿಷ್ ಪದಗಳು) ಒಟ್ಟು 35. ಮೊದಲ ವರ್ಷಕ್ಕೆ ಅದರಲ್ಲಿ ಹತ್ತು ಹನ್ನೆರಡು ಬಂದರೆ ಹೇರಳ. ಕಷ್ಟವಿರುವುದು ಪದಗಳಲ್ಲಲ್ಲ, ತಪ್ಪಾದಾಗ ಬರುವ ಕೆಂಪಕ್ಷರದ ಇಂಗ್ಲಿಷ್ ಸಂದೇಶದಲ್ಲಿ. ಅದನ್ನು ಓದುವ ಉಪಾಯ: ಕೊನೆಯ ಸಾಲು ಮೊದಲು, ಅದರಲ್ಲೂ ಮೊದಲ ಪದ. "ನೇಮ್ ಎರರ್" ಅಂದರೆ ಹೆಸರಿನ ಕಾಗುಣಿತ ತಪ್ಪು ಅಥವಾ ಹೇಳದ ಹೆಸರು ಬಳಸಿದ್ದಾಳೆ. "ಇಂಡೆಂಟೇಶನ್ ಎರರ್" ಅಂದರೆ ಸಾಲಿನ ಮೊದಲ ಖಾಲಿ ಜಾಗ ಹೆಚ್ಚುಕಮ್ಮಿಯಾಗಿದೆ. "ಸಿಂಟ್ಯಾಕ್ಸ್ ಎರರ್" ಬಂದರೆ ಕಂಸ, ಕೋಲನ್, ಉದ್ಧರಣ ಚಿಹ್ನೆ ನೋಡಬೇಕು. ಹಳೆಯ ಆವೃತ್ತಿಗಳಲ್ಲಿ ಕಂಸ ಮುಚ್ಚದಿದ್ದರೆ ಅದು ಮುಂದಿನ ಸಾಲನ್ನು ಬೊಟ್ಟುಮಾಡುತ್ತದೆ, ತಪ್ಪಿರುವುದು ಹಿಂದಿನ ಸಾಲಿನಲ್ಲಿ. ಈ ನಾಲ್ಕನ್ನು ಕನ್ನಡದಲ್ಲೇ ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್ ಪಕ್ಕ ಅಂಟಿಸಿ.

ಲೆಕ್ಕದ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಈ ವಯಸ್ಸಿಗೆ ಬೇಕಾದ ಗಣಿತ ಹೆಚ್ಚೇನಿಲ್ಲ, ಬದಲಿಗೆ ಗಣಿತವೇ ಇದರಿಂದ ಗಟ್ಟಿಯಾಗುವ ಸಂದರ್ಭ ಹೆಚ್ಚು. ಸ್ಕ್ರ್ಯಾಚ್‌ನಲ್ಲಿ ಪೆನ್ ಜೋಡಿಸಿ ಚೌಕ ಬರೆಸಿ: ನಾಲ್ಕು ಸಲ, 100 ಹೆಜ್ಜೆ ನಡೆ, 90 ಡಿಗ್ರಿ ತಿರುಗು. ಸಲೀಸಾಗಿ ಬರುತ್ತದೆ. ಈಗ ಮೂರೂ ಬಾಹು ಸಮವಾಗಿರುವ ತ್ರಿಕೋನ. ಶಾಲೆಯಲ್ಲಿ ಕೋನ 60 ಎಂದು ಕಲಿತಿರುತ್ತಾರೆ, ಹಾಗಾಗಿ ಮೂರು ಸಲ, 60 ಡಿಗ್ರಿ ತಿರುಗು ಎಂದು ಹಾಕುತ್ತಾರೆ. ಬರುವುದು ತ್ರಿಕೋನವಲ್ಲ, ಬಾಯ್ತೆರೆದ ಅರ್ಧ ಷಡ್ಭುಜ. ಇಲ್ಲಿ ಕಂಪ್ಯೂಟರ್ ಮುಚ್ಚಿ ಅವಳನ್ನು ಪಡಸಾಲೆಗೆ ಕರೆತನ್ನಿ. ಸೀಮೆಸುಣ್ಣದಲ್ಲಿ ದೊಡ್ಡ ತ್ರಿಕೋನ ಬರೆದು ಅದರ ಮೇಲೆ ನಡೆಸಿ. ಮೂಲೆಗೆ ಬಂದಾಗ ಅವಳ ಮೈ ಎಷ್ಟು ತಿರುಗಿತು? ಮುಂದೆ ನೋಡುತ್ತಿದ್ದವಳು ಹೆಚ್ಚುಕಮ್ಮಿ ಬೆನ್ನು ತಿರುಗಿಸಿ ನಿಂತಿರುತ್ತಾಳೆ: 120. ನಡೆಯುವವನಿಗೆ ಬೇಕಾದ್ದು ಹೊರಕೋನ. ಪೂರ್ತಿ ಒಂದು ಸುತ್ತು 360, ಅದನ್ನು ಬಾಹುಗಳ ಸಂಖ್ಯೆಯಿಂದ ಭಾಗಿಸಿದರೆ ಪ್ರತಿ ತಿರುವು. ಪಂಚಭುಜಕ್ಕೆ 72. ಏಳು ಬಾಹುವಿಗೆ ಭಾಗಾಕಾರ ಮುಗಿಯುವುದಿಲ್ಲ, ಆಗ 51.4 ಎಂದು ಬರೆಯದೆ ಭಾಗಾಕಾರದ ಬ್ಲಾಕನ್ನೇ ಅಲ್ಲಿ ಕೂರಿಸಬೇಕು. 1967ರಲ್ಲಿ ಬಂದ ಲೋಗೊ ಎಂಬ ಪ್ರೋಗ್ರಾಮಿಂಗ್ ಭಾಷೆಯ ಆಮೆ (ಹೇಳಿದಂತೆ ನಡೆದು ಗೆರೆ ಎಳೆಯುವಂಥದ್ದು) ಮಕ್ಕಳಿಗೆ ಕಲಿಸಿದ್ದು ಇದನ್ನೇ. ಪೈಥಾನ್ ಜೊತೆಗೂ ಆ ಆಮೆ ಬರುತ್ತದೆ.

ಅವಳಿಗೆ ರಂಗೋಲಿ ಗೊತ್ತಿದ್ದರೆ ಇನ್ನೂ ಒಳ್ಳೆಯದು. 7 ಚುಕ್ಕಿ, 4ರವರೆಗೆ, ಸಂದು ಚುಕ್ಕಿ. ಸಾಲುಗಳು 4, 5, 6, 7, 6, 5, 4, ಒಟ್ಟು 37 ಚುಕ್ಕಿ. ಚುಕ್ಕಿಗೂ ಚುಕ್ಕಿಗೂ 40 ಅಂತರವಿಟ್ಟರೆ ನಡುವಿನ ಸಾಲು ಮೈನಸ್ 120ರಿಂದ ಶುರು, ಅದರ ಮೇಲಿನದು ಮೈನಸ್ 100ರಿಂದ, ಹೀಗೆ ಪ್ರತಿ ಸಾಲು 20 ಒಳಗೆ ಸರಿಯುತ್ತದೆ. ಸಾಲುಗಳ ನಡುವೆ 35 ಸಾಕು. ಒಂದು ಸಾಲು ಇಡುವುದು ಒಂದು ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು), ಏಳು ಸಾಲು ಇಡುವುದು ಅದರ ಹೊರಗಿನ ಲೂಪ್. ದೊಡ್ಡವರೂ ಮುಗ್ಗರಿಸುವ "ಲೂಪ್ ಒಳಗೆ ಲೂಪ್" ಎನ್ನುವುದು ಅಂಗಳದಲ್ಲಿ ಚುಕ್ಕಿ ಇಟ್ಟ ಕೈಗೆ ಹೊಸದಲ್ಲ. ಏರುವ ಸಾಲುಗಳನ್ನೂ ಇಳಿಯುವ ಸಾಲುಗಳನ್ನೂ ಬೇರೆ ಬೇರೆ ಬರೆಯುವಾಗ ನಡುವಿನ 7 ಎರಡು ಸಲ ಬಿದ್ದು ಲೆಕ್ಕ 44 ಆಗುತ್ತದೆ. ಆಗಲಿ. ಎಲ್ಲಿ ಏಳು ಹೆಚ್ಚಾಯಿತು ಎಂದು ಅವಳು ಹುಡುಕಲಿ.

ಪೈಥಾನ್ ಯಾವಾಗ?

ಈಗ ಬೇಡ. ಮೂರು ಗುರುತು ಕಂಡಮೇಲೆ ಸಾಕು. ಹಳೆ ಗೇಮ್ ಒಂದಕ್ಕೆ ಯಾರೂ ಹೇಳದೆ ತಾನೇ ಹೊಸದೊಂದು ಸೇರಿಸಿದ್ದಾಳೆ (ಹುಳುಕು ಸೇಬು ಬಿದ್ದರೆ ಅಂಕ ಕಳೆಯುವುದು, ಹೀಗೆ ಏನಾದರೂ). ಕೆಟ್ಟಾಗ ಕರೆಯುವ ಮೊದಲು ಎರಡು ಸಲ ತಾನೇ ಪ್ರಯತ್ನಿಸಿದ್ದಾಳೆ. ಕೀಬೋರ್ಡ್ ಮೇಲೆ ಬೆರಳು ಒಂದಿಷ್ಟು ಆಡುತ್ತದೆ. ಈ ಮೂರನೆಯದನ್ನು ಯಾರೂ ಹೇಳುವುದಿಲ್ಲ. ಒಂದು ಸಾಲು ಟೈಪ್ ಮಾಡಲು ಎರಡು ನಿಮಿಷ ಹಿಡಿದರೆ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಏನು ಬರೆಯಹೊರಟಿದ್ದೆ ಎಂಬುದೇ ಮರೆತುಹೋಗಿರುತ್ತದೆ. ಪೈಥಾನ್ ಕಷ್ಟ ಎಂದು ದೂರುವ ಎಷ್ಟೋ ಮಕ್ಕಳಿಗೆ ಕಷ್ಟವಿರುವುದು ಟೈಪಿಂಗ್‌ನಲ್ಲಿ. ದಿನಕ್ಕೆ ಹತ್ತು ನಿಮಿಷದಂತೆ ಎರಡು ತಿಂಗಳು ಕೂತರೆ ಆಗಿಹೋಗುತ್ತದೆ.

ಪೈಥಾನ್‌ಗೆ ಹೋದಾಗ ಮೊದಲ ಪ್ರೋಗ್ರಾಮ್ ಮಗ್ಗಿಯಿರಲಿ, ಸರಿಯೋ ತಪ್ಪೋ ಎಂದು ನೀವೂ ಹೇಳಬಲ್ಲಿರಿ. ಅಲ್ಲಿ ಎರಡು ತಪ್ಪು ಬಂದೇ ಬರುತ್ತವೆ. ಕೀಬೋರ್ಡಿನಿಂದ 17 ಕೊಟ್ಟರೆ ಹದಿನೇಳು ಎರಡ್ಲಿ 1717 ಎನ್ನುತ್ತದೆ. "ಇನ್‌ಪುಟ್" ತಂದುಕೊಡುವುದು ಸಂಖ್ಯೆಯನ್ನಲ್ಲ, ಅಕ್ಷರಗಳನ್ನು. ಅಕ್ಷರವನ್ನು ಎರಡರಿಂದ ಗುಣಿಸಿದರೆ ಪೈಥಾನ್ ಅದನ್ನೇ ಎರಡು ಸಲ ಬರೆಯುತ್ತದೆ. "ಇಂಟ್" ಒಳಗೆ ಹಾಕಿ ಸಂಖ್ಯೆಯಾಗಿಸಬೇಕು. ಎರಡನೆಯದು, ಎಲ್ಲಿಂದ ಎಲ್ಲಿಯವರೆಗೆ ಎಣಿಸಬೇಕು ಎಂದು ಹೇಳುವ "ರೇಂಜ್"ಗೆ 1, 10 ಎಂದು ಕೊಟ್ಟರೆ ಮಗ್ಗಿ ಹದಿನೇಳು ಒಂಬತ್ಲಿ 153ಕ್ಕೇ ನಿಂತುಬಿಡುತ್ತದೆ. ಕೊನೆಯ ಸಂಖ್ಯೆಯನ್ನು ಪೈಥಾನ್ ಮುಟ್ಟುವುದಿಲ್ಲ, 11 ಎನ್ನಬೇಕು.

ಇನ್ನೊಂದು ಎಡವಟ್ಟು: ಆಮೆಯ ಚಿತ್ರ ಬರೆಯುವ ಮಕ್ಕಳು ಫೈಲಿಗೂ "ಟರ್ಟಲ್" ಎಂದೇ ಹೆಸರಿಟ್ಟು ಉಳಿಸುತ್ತಾರೆ. ಆಗ ಪೈಥಾನ್ ನಿಜವಾದ ಆಮೆಯನ್ನು ಬಿಟ್ಟು ಈ ಫೈಲನ್ನೇ ತೆರೆದು, ಅದರಲ್ಲಿ ಏನೂ ಸಿಗಲಿಲ್ಲ ಎಂದು ದೂರುತ್ತದೆ. ನಿನ್ನೆ ಓಡುತ್ತಿತ್ತು, ಇವತ್ತು ಓಡುತ್ತಿಲ್ಲ ಎಂದು ಮಗು ಕಣ್ಣೀರಿಟ್ಟರೆ ಮೊದಲು ಫೈಲಿನ ಹೆಸರು ನೋಡಿ.

ಕನ್ನಡದಲ್ಲೇ ಬರೆಯಬಹುದೇ ಎಂದು ಬಹಳ ಜನ ಕೇಳುತ್ತಾರೆ. ಅರ್ಧ ಬರೆಯಬಹುದು. ಮೀಸಲು ಪದಗಳು ಇಂಗ್ಲಿಷಿನವೇ. ನಾವಿಡುವ ಹೆಸರುಗಳು ಪೈಥಾನ್ 3ರಲ್ಲಿ ಕನ್ನಡದಲ್ಲಿರಬಹುದು. "ಅಂಕ = 10" ಎಂದು ಬರೆದರೆ ನಡೆಯುತ್ತದೆ. ಆದರೆ ಯೂನಿಕೋಡ್ (ಫೋನಿನಲ್ಲಿ, ಅಂತರ್ಜಾಲದಲ್ಲಿ ಬಳಸುವ ಕನ್ನಡ) ಆಗಿರಬೇಕು, ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ್ದು ನಡೆಯದು. ಅರ್ಧಾಕ್ಷರ ಬಿಡಿಸಿ ತೋರಿಸಲು ನಾವು ನಡುವೆ ಹಾಕುವ ಕಣ್ಣಿಗೆ ಕಾಣದ ಚಿಹ್ನೆ ಹೆಸರಿನೊಳಗಿದ್ದರೂ ತಕರಾರು, ಹಾಗಾಗಿ "ರನ್‌ಗಳು" ನಡೆಯದು, "ಓಟಗಳು" ನಡೆಯುತ್ತದೆ. ಪ್ರೋಗ್ರಾಮ್ ಓಡುವಾಗ ೧೭ ಎಂದು ಕನ್ನಡ ಅಂಕಿಯಲ್ಲಿ ಕೊಟ್ಟರೂ "ಇಂಟ್" ಅದನ್ನು 17 ಎಂದೇ ಓದುತ್ತದೆ. ಪ್ರೋಗ್ರಾಮಿನೊಳಗೆ ಮಾತ್ರ 17 ಎಂದೇ ಬರೆಯಬೇಕು. ಮುಂದೊಂದು ದಿನ ಅವಳು ಹಿಂದುಮುಂದು ಒಂದೇ ಆಗಿ ಓದುವ ಪದ ಪರೀಕ್ಷಿಸುವ ಪ್ರೋಗ್ರಾಮ್ ಬರೆದಾಗ ಅದಕ್ಕೆ "ವಿಕಟಕವಿ" ಕೊಡಲಿ. ಕಂಪ್ಯೂಟರ್ ಇದು ಅಂಥ ಪದವಲ್ಲ ಎನ್ನುತ್ತದೆ! ಅದರ ಪಾಲಿಗೆ "ವಿ" ಒಂದು ಅಕ್ಷರವಲ್ಲ, ವ ಮತ್ತು ಗುಡಿಸು ಎಂಬ ಎರಡು. ತಿರುಗಿಸಿದಾಗ ಗುಡಿಸು ಮೊದಲು ಬಂದು ಕೂರುತ್ತದೆ. ಇಂಗ್ಲಿಷ್ ಪುಸ್ತಕದ ಉದಾಹರಣೆಗಳಲ್ಲಿ ಸಿಗದ ಒಗಟು ಇದು.

ದುಡ್ಡು, ಲ್ಯಾಪ್‌ಟಾಪ್, ಎಐ

ನಿಮ್ಮ ಮುಂದೆ ಮೂರು ದಾರಿಗಳಿವೆ. 45 ಸಾವಿರ ಕಟ್ಟುವುದು ಮೊದಲನೆಯದು. ಕಟ್ಟುವುದೇ ಆದರೆ ಮೊದಲು ಒಂದು ಕ್ಲಾಸಿನಲ್ಲಿ ಪಕ್ಕದಲ್ಲಿ ಕೂತು ನೋಡಿ: ಮೌಸ್ ಯಾರ ಕೈಯಲ್ಲಿದೆ, ತಪ್ಪಾದಾಗ ಟೀಚರ್ ಕಾಯುತ್ತಾರೋ ತಾವೇ ಹೇಳಿಬಿಡುತ್ತಾರೋ. ಅದೇ ಟೀಚರ್ ಕೊನೆತನಕ ಇರುತ್ತಾರಾ ಎಂದು ಕೇಳಿ. ಇಎಂಐ ಎಂದರೆ ಬಹುಪಾಲು ಬೇರೊಂದು ಹಣಕಾಸು ಸಂಸ್ಥೆ ನಿಮ್ಮ ಹೆಸರಿಗೆ ಕೊಡುವ ಸಾಲ. ಮಗಳು ಕ್ಲಾಸು ಬಿಟ್ಟಳು ಎಂದು ಕಂತು ನಿಲ್ಲುವುದಿಲ್ಲ. ನಡುವೆ ಬಿಟ್ಟರೆ ಎಷ್ಟು ವಾಪಸ್ ಎಂಬುದನ್ನು ಬರಹದಲ್ಲಿ ಪಡೆಯದೆ ಓಟಿಪಿ ಹೇಳಬೇಡಿ.

ಊರಲ್ಲೇ ಯಾರಾದರೂ ಡಿಪ್ಲೊಮಾ, ಬಿಸಿಎ ಹುಡುಗರ ಹತ್ತಿರ ಕಲಿಸುವುದು ಇನ್ನೊಂದು. ಅಗ್ಗ, ಕನ್ನಡದಲ್ಲೇ ಮಾತಾಡುತ್ತಾರೆ, ಎದುರಿಗಿರುತ್ತಾರೆ. ಅಪಾಯವೆಂದರೆ ಅವರು ತಾವು ಕಲಿತ ಸಿ ಭಾಷೆಯನ್ನೇ ಹನ್ನೊಂದರ ಮಗುವಿಗೂ ನೋಟ್ಸ್ ಬರೆಸಿಬಿಡಬಹುದು. ನೋಟ್ಸ್ ಪುಸ್ತಕ ದಪ್ಪವಾಗುತ್ತಿದೆ, ಕಂಪ್ಯೂಟರ್ ಆನ್ ಆಗುತ್ತಿಲ್ಲ ಎಂದರೆ ಬಿಡಿಸಿ.

ಮೂರನೆಯದು ನಾನು ಮೇಲೆ ಹೇಳಿದ್ದು, ಮೂರು ತಿಂಗಳು ಮನೆಯಲ್ಲೇ. ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷ. ಖರ್ಚಿಲ್ಲ. ಇದರ ಅಪಾಯ ನೀವೇ: ಮೂರನೇ ವಾರಕ್ಕೆ ಮನೆಗೆಲಸದಲ್ಲಿ ಕೂರಲಾಗದೆ, ಲ್ಯಾಪ್‌ಟಾಪ್ ಯೂಟ್ಯೂಬಿಗೆ ಮೀಸಲಾಗಿಬಿಡುವುದು. ನನ್ನ ಸಲಹೆ ಆದರೂ ಇದೇ. ತಿಂಗಳಿಗೊಮ್ಮೆ ಸೋದರಮಾವ ವಿಡಿಯೊ ಕಾಲ್‌ನಲ್ಲಿ ಬಂದು "ಏನು ಬದಲಾಯಿಸಿದೆ ತೋರಿಸು" ಎಂದರೆ ಸಾಕು. "ಹೊಸದು ಮಾಡು" ಅನ್ನದಿರಲಿ.

ಹಳೆ ಲ್ಯಾಪ್‌ಟಾಪ್ ಧಾರಾಳವಾಗಿ ಸಾಕು. ಸ್ಕ್ರ್ಯಾಚ್ ಉಚಿತ, ಇಂಟರ್ನೆಟ್ ಇಲ್ಲದೆ ಓಡುವ ಆವೃತ್ತಿಯೂ ಇದೆ. ಪೈಥಾನ್‌ಗೆ ಥಾನಿ ಎಂಬ ಉಚಿತ ತಂತ್ರಾಂಶ ಹಾಕಿಸಿ, ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಪ್ರೋಗ್ರಾಮನ್ನು ಒಂದೊಂದೇ ಹೆಜ್ಜೆ ನಡೆಸಿ, ಯಾವ ಹೆಸರಿನಲ್ಲಿ ಈಗ ಯಾವ ಬೆಲೆ ಇದೆ ಎಂದು ಪಕ್ಕದಲ್ಲಿ ತೋರಿಸುತ್ತದೆ. ಲ್ಯಾಪ್‌ಟಾಪ್ ವಿಂಡೋಸ್ 7 ಆಗಿದ್ದರೆ ಪೈಥಾನ್ 3.9 ಮತ್ತು ಅದರ ನಂತರದವು ಓಡುವುದಿಲ್ಲ, 3.8 ಹಾಕಿಸಬೇಕು. ಫೋನಿನಲ್ಲಿ ಕಲಿಸಲು ಹೋಗಬೇಡಿ. ಬ್ಲಾಕ್ ಎಳೆಯಲು ಬೆರಳಿಗೆ ಜಾಗವಿಲ್ಲ, ಪೈಥಾನ್ ಬರೆದರೆ ಕೋಲನ್ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಸ್ಕ್ರ್ಯಾಚ್ ವೆಬ್‌ಸೈಟಿನಲ್ಲಿ ಖಾತೆ ತೆರೆಯುವುದಾದರೆ ನಿಮ್ಮ ಇಮೇಲ್ ಕೊಡಿ. ಮಗಳ ನಿಜಹೆಸರು, ಶಾಲೆಯ ಹೆಸರು ಎಲ್ಲೂ ಬೇಡ.

ಎಐ ಪ್ರೋಗ್ರಾಮ್ ಬರೆಯುತ್ತದೆ, ನಿಜ. ಸೇಬಿನ ಆಟವನ್ನು ಅರ್ಧ ನಿಮಿಷದಲ್ಲಿ ಬರೆದುಕೊಡುತ್ತದೆ. ಅಂಕ ಒಂದರ ಬದಲು ಹದಿನೈದು ಬಂದಾಗ ಏನೋ ಸರಿಯಿಲ್ಲ ಎಂದು ಗುರುತಿಸಿ, ಏನು ಸರಿಯಿಲ್ಲ ಎಂದು ಅದಕ್ಕೆ ಹೇಳಲಾದರೂ ಒಬ್ಬರಿಗೆ ತಿಳಿದಿರಬೇಕಲ್ಲ. ಆ ತಿಳಿವಳಿಕೆಗೆ ಇವತ್ತೂ ಅಡ್ಡದಾರಿ ಇಲ್ಲ. ಈ ಮೂರು ತಿಂಗಳು ಎಐ ಬೇಡ. ಅದು ಟೀಚರ್‌ಗಿಂತ ಬೇಗ ಉತ್ತರ ಹೇಳಿಬಿಡುತ್ತದೆ, ಮತ್ತದೇ ರೋಗ. ಆಮೇಲೆ ಎರರ್ ಸಂದೇಶದ ಅರ್ಥವನ್ನು ಕನ್ನಡದಲ್ಲಿ ಕೇಳಲು ಬಳಸಲಿ, ಪ್ರೋಗ್ರಾಮ್ ಬರೆಸಲು ಬೇಡ.

ಮೂರು ತಿಂಗಳಾದ ಮೇಲೂ ನೀವು ಕರೆದರಷ್ಟೇ ಬಂದು ಕೂರುತ್ತಾಳೆ, ಕೂತಾಗಲೂ ಗಡಿಯಾರ ನೋಡುತ್ತಾಳೆ ಎಂದಾದರೆ ನಿಲ್ಲಿಸಿ. ಹೈಸ್ಕೂಲಿನಲ್ಲೋ ಪಿಯುಸಿಯಲ್ಲೋ ಹೊಸದಾಗಿ ಶುರುಮಾಡಿದವರು ಹಿಂದೆ ಬೀಳುವುದಿಲ್ಲ. ಕ್ಲಾಸಿನವರು ಮತ್ತೆ ಫೋನ್ ಮಾಡಿದರೆ ಸದ್ಯ ಬೇಡ ಅನ್ನಿ. ಮೂರು ತಿಂಗಳ ಮೇಲೆ ಕೇಳಿದರೂ ಅವರ ಬಳಿ ಸೀಟು ಇದ್ದೇ ಇರುತ್ತದೆ.